ಹೊಸ ಪ್ರೋಬು, ಹಳೇ ಸಿಟ್ಟು

ನಮ್ಮ ಅಳತೆ ಕೋಣೆಯ ಬಾಗಿಲಿಗೆ 'ಅನುಮತಿ ಇಲ್ಲದೆ ಒಳಗೆ ಬರಬಾರದು' ಅಂತ ಫಲಕ ಹಾಕಿದೆ. ಅದನ್ನು ಪೂರ್ತಿ ಓದಿ, ಆಮೇಲೆ ಬಾಗಿಲು ತಳ್ಳಿ ಒಳಗೆ ಬಂದು, "ಹೊರಗ ಏನೋ ಬರದೀರಲ್ಲ, ಯಾರಿಗ್ರಿ ಅದು?" ಅಂತ ಕೇಳುವವರು ಇಡೀ ರಾಯಚೂರಿನಲ್ಲಿ ನಮ್ಮ ಕಾರ್ಖಾನೆಯೊಂದರಲ್ಲೇ ಸಿಗುತ್ತಾರೆ. ಇಲ್ಲಿ ಇಂಥದ್ದು ನಡೆಯದ ದಿನವಿಲ್ಲ. ಹೇಳಿದರೆ ಮಂದಿ ನಗುತ್ತಾರೆ. ನಗಲಿ. ನನಗೆ ಮಾತ್ರ ನೆನೆಸಿಕೊಂಡರೆ ಇವತ್ತಿಗೂ ಕಿವಿ ಬಿಸಿಯಾಗುತ್ತದೆ.

ನಾನು ಮಾನ್ವಿಯವಳು, ದಿನಾ ಬಸ್ಸಿನಲ್ಲಿ ರಾಯಚೂರಿಗೆ ಬಂದು ಹೋಗುತ್ತೇನೆ. ನಮ್ಮ ಕಾರ್ಖಾನೆ ಮೊದಲು ಅಕ್ಕಿ ಗಿರಣಿಗೆ, ಹತ್ತಿ ಜಿನ್ನಿಂಗಿಗೆ ಬೇಕಾದ ಶಾಫ್ಟು, ರೋಲರು ಮಾಡುತ್ತಿತ್ತು. ಅದರಲ್ಲಿ ಸ್ವಲ್ಪ ಹೆಚ್ಚುಕಡಿಮೆಯಾದರೂ ಯಾರೂ ಕೇಳುತ್ತಿರಲಿಲ್ಲ, ಅಕ್ಕಿ ಹೊರಗೆ ಬಂದರೆ ಸಾಕಿತ್ತು. ಆಮೇಲೆ ಬೆಳಗಾವಿಯ ಒಂದು ಪಂಪ್ ಕಂಪನಿಯ ಕೆಲಸ ಸಿಕ್ಕಿತು. ಬಳೆಯಂಥ ತೆಳ್ಳಗಿನ ಉಕ್ಕಿನ ಉಂಗುರಗಳು. ಅವುಗಳ ಒಳಗಿನ ತೂತು ದುಂಡಗಿರಬೇಕು. ದುಂಡಗೆ ಅಂದರೆ ಕಣ್ಣಿಗೆ ದುಂಡಗೆ ಅಲ್ಲ, ಕೂದಲೆಳೆಯ ಸಣ್ಣ ಪಾಲಿನಷ್ಟೂ ಸೊಟ್ಟ ಇರಬಾರದು.

ಅದಕ್ಕಾಗಿ ನಮ್ಮ ಮಾಲೀಕರು, ಅಂದರೆ ಸಾವ್ಕಾರ್ರು, ಯಾರೋ ಬಳಸಿ ಬಿಟ್ಟ ಸಿಎಂಎಂ ಅನ್ನುವ ಅಳತೆ ಯಂತ್ರ ತರಿಸಿದರು. ಕರಿ ಕಲ್ಲಿನ ದೊಡ್ಡ ಮೇಜು, ಅದರ ಮೇಲೆ ಓಡಾಡುವ ತೋಳು, ತೋಳಿನ ತುದಿಗೆ ಪ್ರೋಬು, ಪ್ರೋಬಿಗೆ ಒಂದು ಸೂಜಿ, ಸೂಜಿಯ ತುದಿಗೆ ಸಾಸಿವೆ ಕಾಳಿನಷ್ಟು ಕೆಂಪು ಗುಂಡು. ಆ ಗುಂಡು ಹೋಗಿ ವಸ್ತುವನ್ನು ಮುಟ್ಟುತ್ತದೆ, ಎಲ್ಲಿ ಮುಟ್ಟಿತು ಅನ್ನುವುದನ್ನು ಕಂಪ್ಯೂಟರಿಗೆ ಹೇಳುತ್ತದೆ. ಇದನ್ನು ನಡೆಸುವವಳು ನಾನು. ಡಿಪ್ಲೊಮಾ ಓದಿ, ಹೈದರಾಬಾದಿಗೆ ಹೋಗಿ ತರಬೇತಿ ಪಡೆದು ಬಂದವಳು. ಕಾರ್ಖಾನೆಯ ಮಂದಿ ನನ್ನನ್ನು ಕರೆಯುವುದು 'ಸೂಜಿ ಮ್ಯಾಡಮ್' ಅಂತ.

ಹೊಲಿಯೋರು ಯಾರು?

ಒಂದು ದಿನ ಬೆಳಗಾವಿಗೆ ಹೋಗಿದ್ದ ಉಂಗುರಗಳು ಲಾರಿ ಸಮೇತ ವಾಪಸ್ ಬಂದವು. ತೂತು ದುಂಡಗಿಲ್ಲ ಅನ್ನುವುದು ತಕರಾರು. ನನ್ನ ವರದಿಯಲ್ಲಿ ದುಂಡಗಿದೆ ಅಂತ ಇತ್ತು.

ಸಾವ್ಕಾರ್ರು ತಮ್ಮ ಕೋಣೆಯಲ್ಲಿ ಪಂಚಾಯ್ತಿ ಕೂಡಿಸಿದರು. ಉಂಗುರ ಕೊರೆಯುವ ಲೇತ್ ನೋಡಿಕೊಳ್ಳುವ ಫೋರ್‌ಮನ್ ದೇವದುರ್ಗದವರು, ದನಿ ದೊಡ್ಡದು. ಅವರು ಕೈಯಲ್ಲಿ ಹಿಡಿದು ಅಳೆಯುವ ವರ್ನಿಯರ್ ತಂದು ಉಂಗುರವನ್ನು ಹಾಗೆ ಹಿಡಿದು, ಹೀಗೆ ಹಿಡಿದು, ಎಲ್ಲಾ ಕಡೆ ಒಂದೇ ಅಳತೆ ಬರುವುದನ್ನು ತೋರಿಸಿದರು. ಸಾವ್ಕಾರ್ರ ಹೆಂಡತಿಯ ತಮ್ಮ ನಮ್ಮಲ್ಲಿ ಖರೀದಿ ಮ್ಯಾನೇಜರ್. ಅವರು, ತಪ್ಪು ಯಂತ್ರದ್ದಿರಬೇಕು, ಇಲ್ಲದಿದ್ದರೆ ಯಂತ್ರ ನಡೆಸುವವರದ್ದಿರಬೇಕು ಅಂದು ನನ್ನ ಕಡೆ ನೋಡಿದರು.

ನಾನು ಹೇಳಿದೆ: ಈಗಿರುವ ಪ್ರೋಬು ನಾಲ್ಕು ಕಡೆ ಮುಟ್ಟಿ ವಾಪಸ್ ಬರುತ್ತದೆ. ಆ ನಾಲ್ಕು ಜಾಗದ ನಡುವೆ ತೂತು ಏನಾಗಿದೆ ಅಂತ ಅದಕ್ಕೆ ಗೊತ್ತಿಲ್ಲ. ತೂತಿನ ಒಳಗೆ ಎತ್ತದೆ ಸವರಿಕೊಂಡು ಸುತ್ತು ಬರುವ ಸ್ಕ್ಯಾನಿಂಗ್ ಪ್ರೋಬು ಬೇಕು. ಈ ಕೆಲಸ ಸಿಕ್ಕ ದಿನದಿಂದ ಇದನ್ನೇ ಬಡಿದುಕೊಳ್ಳುತ್ತಿದ್ದೇನೆ.

ಸಾವ್ಕಾರ್ರು ನಿಧಾನವಾಗಿ ತಲೆ ಆಡಿಸಿ, "ಅಂದ್ರ ನೀ ಬರೇ ನಾಕ್ ಕಡಿ ಮುಟ್ಟಿ ಪಗಾರ ತಗೊಳ್ಳಾಕತ್ತೀಯೇನವ್ವಾ?" ಅಂದರು.

ಆ ಸಂಜೆ ಬಸ್ಸಿನಲ್ಲಿ ನನ್ನ ಮುಖ ಹೇಗಿತ್ತೋ ಏನೋ, ಪಕ್ಕದಲ್ಲಿ ಕೂತಿದ್ದ ಹೆಣ್ಣುಮಗಳು ಎಲೆ ಅಡಿಕೆ ಚೀಲ ತೆಗೆದು ನನಗೂ ಒಂದು ಎಲೆ ಕೊಟ್ಟಳು. ಏನು ಕೆಲಸ ಅಂತ ಕೇಳಿದಳು. ಅಳತೆ ತೆಗೆಯುವ ಕೆಲಸ ಅಂದೆ. ಬ್ಲೌಸ್ ಹೊಲೀತಿಯೇನವ್ವಾ ಅಂದಳು. ಇಲ್ಲ, ಬರೀ ಅಳತೆ ತೆಗೆಯೋದು, ಮಾಡುವವರು ಬೇರೆ ಅಂದೆ. ಅವಳು ತನ್ನ ಎಲೆಗೆ ಸುಣ್ಣ ಹಚ್ಚುತ್ತಾ, "ಮತ್ತ ಅವರು ಕೆಡಿಸಿದ್ರ?" ಅಂತ ಕೇಳಿದಳು. ನನ್ನನ್ನು ಬೈಯುತ್ತಾರೆ ಅಂದೆ.

ಅವಳಿಗೆ ಆಶ್ಚರ್ಯವೇನೂ ಆಗಲಿಲ್ಲ. ನೀರಮಾನ್ವಿಯಲ್ಲಿ ಇಳಿಯುವ ಮೊದಲು ಸೀರೆ ಸರಿಮಾಡಿಕೊಳ್ಳುತ್ತಾ ಹೇಳಿದಳು: "ನಮ್ಮೂರ ಟೇಲರ್‌ನೂ ಹಂಗೇ ನೋಡವ್ವಾ. ತೋಳು ಒಂದು ಉದ್ದ ಒಂದು ಗಿಡ್ಡ ಹೊಲದು, ನಿನ್ನ ಕೈನೇ ಹಂಗ ಅದಾವ ಅಂತಾನ."

ಮಾಣಿಕ್ಯ

ಕೊನೆಗೆ ಹೊಸ ಪ್ರೋಬು ತರಿಸುವುದು ಅಂತ ಆಯಿತು. ಹೈದರಾಬಾದಿನಿಂದ ಬಂದ ಸೇಲ್ಸಿನವನು ಪ್ರೋಬಿನ ಜೊತೆ ಬೇಕಾಗುವ ಸೂಜಿಗಳ ವಿವರ ಕೊಟ್ಟುಹೋದ. ಸೂಜಿಯ ತುದಿಯ ಗುಂಡು ರೂಬಿ ಕಲ್ಲಿನದು ಅಂತ ಅದರಲ್ಲಿತ್ತು. ಕಾರ್ಖಾನೆಯಲ್ಲಿ ಬೆಳೆಸಿದ ರೂಬಿ, ಬಹಳ ಗಟ್ಟಿ, ಬಹಳ ನುಣುಪು, ಉಕ್ಕಿನ ಮೇಲೆ ಎಷ್ಟು ಸವರಿದರೂ ಬೇಗ ಸವೆಯುವುದಿಲ್ಲ. ಇಷ್ಟನ್ನೂ ನಾನು ಖರೀದಿ ಮ್ಯಾನೇಜರಿಗೆ ವಿವರಿಸಿದೆ. ಅವರ ಕಿವಿಗೆ ಬಿದ್ದದ್ದು ರೂಬಿ ಅನ್ನುವುದೊಂದೇ.

ಮರುದಿನ ಮಧ್ಯಾಹ್ನ ಅಳತೆ ಕೋಣೆಗೆ ಬಂದರು. ಗುಲಾಬಿ ಬಣ್ಣದ ಕಾಗದದ ಸಣ್ಣ ಪೊಟ್ಟಣ ಬಿಚ್ಚಿ ಕರಿ ಕಲ್ಲಿನ ಮೇಲಿಟ್ಟರು. ಒಳಗೆ ಒಂದು ಮಾಣಿಕ್ಯ. ಬೆರಳಿನ ಉಂಗುರಕ್ಕೆ ಕೂಡಿಸುತ್ತಾರಲ್ಲ, ಅದೇ, ಮೇಲೆ ಉಬ್ಬಿ, ಕೆಳಗೆ ಚಪ್ಪಟೆ.

ಸರಾಫ ಬಜಾರಕ್ಕೆ ಹೋಗಿದ್ದೆ, ಹೊರಗಿನಿಂದ ತರಿಸುವುದು ಯಾಕೆ, ನಮ್ಮ ಅಕ್ಕಸಾಲಿಗ ಹಳೇ ಸೂಜಿಗೆ ಇದನ್ನೇ ಕೂಡಿಸಿ ಕೊಡುತ್ತಾನೆ, ಅಂದರು. ಇದು ದುಂಡಗಿಲ್ಲವಲ್ಲ ಅಂದೆ. ಉಜ್ಜಿ ದುಂಡಗೆ ಮಾಡಿಸೋಣ ಅಂದರು. ದುಂಡಗಾಗಿದೆಯೋ ಇಲ್ಲವೋ ನೋಡುವುದು ಯಾವುದರಿಂದ ಅಂತ ಕೇಳಿದೆ. ಅವರು ನನ್ನ ಯಂತ್ರದ ಕಡೆ ಕೈ ತೋರಿಸಿದರು. ಆ ಯಂತ್ರಕ್ಕೇ ಅಲ್ಲವೇ ಈ ಗುಂಡು ಬೇಕಾಗಿರುವುದು ಅಂದೆ. ಅದಕ್ಕೆ ಅವರು, ನೀವು ಎಲ್ಲದಕ್ಕೂ ತೊಡಕು ತೆಗೆಯುತ್ತೀರಿ ಅಂದರು.

ಪೊಟ್ಟಣವನ್ನು ಮಡಚಿ ಅವರ ಕೈಗೆ ವಾಪಸ್ ಕೊಟ್ಟೆ. ಬಾಗಿಲ ತನಕ ಹೋದವರು ತಿರುಗಿ ನಿಂತರು. ಸರಾಫ ಬಜಾರದವನು ಒಂದು ಮಾತು ಹೇಳಿದ್ದಾನೆ, ಅದನ್ನಾದರೂ ಕೇಳಿ ಅಂದರು.

"ಮಾಣಿಕ್ಯ ಯಾರಿಗೆ ಹಚ್ಚಿದ್ರೂ ಆಯ್ತವಾರ ಮುಂಜಾನಿ ಹಚ್ಬೇಕಂತ. ಮಿಷನ್ನಿಂದು ರಾಶಿ ಯಾವುದ್ರಿ?"

ಜ್ವರ

ಬೇಸಿಗೆ ಬಂತು. ನಮ್ಮ ಕಡೆಯ ಬೇಸಿಗೆ ಹೇಗಿರುತ್ತದೆ ಅಂತ ನಾನು ಹೇಳಬೇಕಾಗಿಲ್ಲ, ಮಟಮಾರಿ ಕಡೆಯಿಂದ ಬೈಕಿನಲ್ಲಿ ಬರುವ ನಮ್ಮ ಹುಡುಗರು ಮುಖಕ್ಕೆ ಒದ್ದೆ ಟವೆಲ್ ಸುತ್ತಿಕೊಂಡು ಬಂದರೆ ಗೇಟಿಗೆ ಮುಟ್ಟುವಷ್ಟರಲ್ಲಿ ಟವೆಲ್ ಹಪ್ಪಳವಾಗಿರುತ್ತದೆ.

ಬಿಸಿಗೆ ಉಕ್ಕು ಹಿಗ್ಗುತ್ತದೆ. ಆದ್ದರಿಂದ ಅಳತೆ ಕೋಣೆ ಸದಾ ತಂಪಾಗಿ, ಒಂದೇ ಹದದಲ್ಲಿರಬೇಕು. ಎಸಿ ಇದೆ. ಎಸಿ ಇದೆ ಅನ್ನುವುದು ಎಲ್ಲರಿಗೂ ಗೊತ್ತಿದೆ. ಲೆಕ್ಕ ಬರೆಯುವವರು ಬುತ್ತಿ ಬಿಚ್ಚುವುದು ಇಲ್ಲೇ, ಡ್ರೈವರ್ ಕಣ್ಣು ಮುಚ್ಚುವುದು ಇಲ್ಲೇ. ಒಮ್ಮೆ ಸಾವ್ಕಾರ್ರ ಮನೆಯ ಕಾರ್ಯಕ್ಕೆ ತಂದ ಮಲ್ಲಿಗೆ ಹೂವಿನ ಬುಟ್ಟಿಗಳನ್ನು ನನ್ನ ಕಲ್ಲಿನ ಮೇಜಿನ ಮೇಲೆ ಸಾಲಾಗಿ ಇಟ್ಟು ಹೋಗಿದ್ದರು, ಮೇಲೆ ನೀರು ಬೇರೆ ಚಿಮುಕಿಸಿದ್ದರು. ಅವತ್ತು ನಾನು ಕೂಗಾಡಿದ್ದು ರಸ್ತೆಯ ತನಕ ಕೇಳಿಸಿತಂತೆ.

ಬಾಗಿಲು ಹೀಗೆ ತೆರೆದು ಮುಚ್ಚಿ ಆಗುತ್ತಿದ್ದರೆ ಅಳತೆ ಸ್ಥಿರವಾಗಿ ನಿಲ್ಲುವುದಿಲ್ಲ. ಅದಕ್ಕೆ ಹೊಸ ಪ್ರೋಬಿನ ಜೊತೆ ಇನ್ನೊಂದು ಸಾಮಾನು ಕೇಳಿದ್ದೆ: ಉಂಗುರಕ್ಕೆ ಅಂಟಿಸುವ ಸಣ್ಣ ಸೆನ್ಸರ್. ಅದು ಉಂಗುರ ಎಷ್ಟು ಬಿಸಿ ಇದೆ ಅಂತ ಕಂಪ್ಯೂಟರಿಗೆ ಹೇಳುತ್ತದೆ, ಕಂಪ್ಯೂಟರ್ ಆ ಲೆಕ್ಕ ಹಿಡಿದು ಅಳತೆ ಸರಿಮಾಡುತ್ತದೆ. ಖರೀದಿ ಮ್ಯಾನೇಜರ್, ಅದು ಆಗಲೇ ಸ್ಟೋರಿನಲ್ಲಿದೆ, ಹೊಸದು ಬೇಡ ಅಂದರು. ನನಗೆ ಖುಷಿಯಾಯಿತು. ಅಂಥದ್ದು ನಮ್ಮಲ್ಲಿ ಇದ್ದದ್ದೇ ಗೊತ್ತಿರಲಿಲ್ಲವಲ್ಲ ಅಂದುಕೊಂಡೆ.

ಅವರು ತಂದದ್ದು ಕೊರೊನಾ ಕಾಲದಲ್ಲಿ ಗೇಟಿನಲ್ಲಿ ಎಲ್ಲರ ಹಣೆಗೆ ಹಿಡಿಯುತ್ತಿದ್ದ ಪಿಸ್ತೂಲಿನಂಥ ಥರ್ಮಾಮೀಟರ್.

ಅವರು ಉಂಗುರಕ್ಕೆ ಗುರಿಯಿಟ್ಟರು, ಟಿಕ್ ಅಂತು. ಅದರ ಮೇಲೆ ಬರೇ 'ಕಡಿಮೆ' ಅಂತ ಬಂತು. ಆಮೇಲೆ ಉಂಗುರ ಬಿಟ್ಟು ನನ್ನ ಹಣೆಗೆ ಹಿಡಿದರು. ಟಿಕ್ ಅಂತು. ಕೆಂಪು ದೀಪ ಹತ್ತಿತು.

"ಮಾಲು ಬರೋಬರಿ ಅದ ಮ್ಯಾಡಮ್ಮರ," ಅಂದರು. "ಬಿಸಿ ಇರೋದು ನೀವು."

ಉದ್ದನ್ನ ಸೂಜಿ

ಬೆಳಗಾವಿಯವರು ದಿನಾ ಫೋನ್ ಮಾಡಿ, ಮಾಲು ಸರಿಮಾಡದಿದ್ದರೆ ಕೆಲಸ ಬೇರೆಯವರಿಗೆ ಅಂತ ಹೆದರಿಸಿದ ಮೇಲೆ ಹೊಸ ಪ್ರೋಬು ಬಂತು. ಜೊತೆಗೆ ಯಾವ ಸೂಜಿ ಅನ್ನುವುದು ಪ್ರಶ್ನೆ.

ಸೂಜಿ ಗಿಡ್ಡ ಇದ್ದಷ್ಟೂ ಒಳ್ಳೆಯದು. ಉದ್ದವಾದರೆ ಮುಟ್ಟಿದಾಗ ಬಾಗುತ್ತದೆ, ಬಾಗಿದರೆ ಸುಳ್ಳು ಹೇಳುತ್ತದೆ. ನಾನು ಗಿಡ್ಡನೆಯದನ್ನು ಆರಿಸಿದೆ. ಸಾವ್ಕಾರ್ರು ಎರಡನ್ನೂ ಕೈಯಲ್ಲಿ ಹಿಡಿದು ನೋಡಿದರು. ಅವರ ತಿಳಿವಳಿಕೆಯಲ್ಲಿ ದೊಡ್ಡ ಸಾಮಾನು ಬಿಟ್ಟು ಸಣ್ಣದು ಆರಿಸುವವರು ತಲೆ ಕೆಟ್ಟವರು. ಉದ್ದ ಇದ್ದರೆ ನಾಳೆ ಯಾವ ಕೆಲಸ ಬಂದರೂ ಆಳದ ತನಕ ಹೋಗುತ್ತದಲ್ಲ ಅಂದರು. ನಾಳೆಯದು ನಾಳೆ, ಈ ಉಂಗುರದ ಆಳ ಇರುವುದೇ ಬೆರಳಿನ ಅಗಲದಷ್ಟು ಅಂದೆ. ಕೇಳಲಿಲ್ಲ. ಉದ್ದನೆಯದನ್ನೇ ಹಾಕಿಸಿದರು.

ಅದೇ ವಾರ ದೇವದುರ್ಗದಿಂದ ಸಾವ್ಕಾರ್ರ ಬೀಗರು ಬಂದರು. ಕಾರ್ಖಾನೆ ತೋರಿಸುತ್ತಾ ಅಳತೆ ಕೋಣೆಗೆ ಕರೆತಂದರು, ಹಿಂದೆ ಫೋರ್‌ಮನ್ ಕೂಡ ಬಂದರು. ಬೀಗರಿಗೆ ಲೇತ್ ನೋಡಿ ಏನೂ ಅನ್ನಿಸಿರಲಿಲ್ಲ, ಇಲ್ಲಿ ತಂಪಿಗೆ ಮುಖ ಅರಳಿತು. ಸಾವ್ಕಾರ್ರಿಗೆ ಹುರುಪು ಬಂತು. ನನ್ನ ಕೈಯಿಂದ ತೋಳು ಓಡಿಸುವ ಜಾಯ್‌ಸ್ಟಿಕ್ ತೆಗೆದುಕೊಂಡರು. ನಾನು ಕೊಡಲಿಲ್ಲ, ಅವರು ತೆಗೆದುಕೊಂಡರು, ಇದು ಸ್ಪಷ್ಟವಾಗಿರಲಿ. ನಿಧಾನ, ಇದು ಟ್ರ್ಯಾಕ್ಟರ್ ಅಲ್ಲ ಅಂತ ನಾನು ಹೇಳುತ್ತಿರುವಾಗಲೇ ಪೂರ್ತಿ ಮುಂದಕ್ಕೆ ದೂಡಿದರು.

ತೋಳು ಹಾರಿ ಹೋಗಿ ಉಂಗುರ ಹಿಡಿಯುವ ಕಬ್ಬಿಣದ ಕಟ್ಟೆಗೆ ಬಡಿಯಿತು. ಟಕ್ ಅನ್ನುವ ಶಬ್ದ, ಕಂಪ್ಯೂಟರಿನಿಂದ ಕೂಗು, ಪರದೆ ತುಂಬಾ ಕೆಂಪು. ಸೂಜಿ ಎರಡು ತುಂಡು. ಕೆಂಪು ಗುಂಡು ಎಲ್ಲಿ ಹೋಯಿತೋ ನಾನು ಇವತ್ತಿಗೂ ಹುಡುಕುತ್ತಿದ್ದೇನೆ. ಪುಣ್ಯಕ್ಕೆ ಪ್ರೋಬು ಉಳಿಯಿತು.

ನನ್ನ ಬಾಯಿಂದ ಏನು ಬರುತ್ತದೋ ಅಂತ ಫೋರ್‌ಮನ್ ಬಾಗಿಲ ಕಡೆ ಸರಿದರು. ಸಾವ್ಕಾರ್ರು ಮಾತ್ರ ಜಾಯ್‌ಸ್ಟಿಕ್ ಅನ್ನು ಮೆಲ್ಲಗೆ ಮೇಜಿನ ಮೇಲಿಟ್ಟು, ಬೀಗರ ಕಡೆ ತಿರುಗಿ, ಎಲ್ಲಾ ಸರಿಯಾಗೇ ಆಯಿತು ಅನ್ನುವ ಹಾಗೆ ಹೇಳಿದರು:

"ಮುಟ್ಟೂದೇ ಅದರ ಕೆಲಸ್ರಿ. ಮುಟ್ಟಿತು."

ಮರುದಿನ ನಾನು ಯಾರನ್ನೂ ಕೇಳದೆ ಗಿಡ್ಡ ಸೂಜಿ ಹಾಕಿದೆ.

ದೊಡ್ಡದು ಮಾಡಬ್ಯಾಡ

ಹೊಸ ಪ್ರೋಬು ಉಂಗುರದ ಒಳಗೆ ಸವರಿಕೊಂಡು ಮೊದಲ ಸುತ್ತು ಬಂದಾಗ ನನಗೆ ನಿಜ ಹೇಳುತ್ತೇನೆ, ಕಣ್ಣು ತುಂಬಿ ಬಂತು. ಎಷ್ಟು ದಿನದ ಜಗಳ. ಕಾಗದದ ಮೇಲೆ ತೂತಿನ ಚಿತ್ರ ಬಂತು. ದುಂಡಗಿರಲಿಲ್ಲ. ಮೂರು ಮೂಲೆ. ಸಮೋಸಾದ ಮೂಲೆಗಳನ್ನು ಸ್ವಲ್ಪ ಸವರಿದರೆ ಹೇಗಿರುತ್ತದೋ ಹಾಗೆ.

ಕಾರಣ ನೋಡಿದ ಕೂಡಲೇ ತಿಳಿಯುವಂಥದ್ದು. ಲೇತಿನಲ್ಲಿ ಉಂಗುರವನ್ನು ಮೂರು ದವಡೆಗಳ ಚಕ್ಕು ಹಿಡಿಯುತ್ತದೆ. ತೆಳ್ಳಗಿನ ಉಂಗುರ, ಗಟ್ಟಿ ಹಿಡಿದರೆ ಮೂರು ಕಡೆ ಒತ್ತಿಕೊಳ್ಳುತ್ತದೆ. ಹಾಗೇ ಕೊರೆದು ಬಿಟ್ಟರೆ ಉಂಗುರ ಮತ್ತೆ ಸಡಿಲಾಗುತ್ತದೆ, ತೂತು ಮೂರು ಮೂಲೆಯಾಗುತ್ತದೆ. ಮೂರು ಮೂಲೆಯದನ್ನು ವರ್ನಿಯರಿನಿಂದ ಎಲ್ಲಿ ಹಿಡಿದರೂ ಒಂದೇ ಅಳತೆ ಬರುತ್ತದೆ. ನಾಲ್ಕು ಕಡೆ ಮುಟ್ಟುವ ಹಳೇ ಪ್ರೋಬಿಗೂ ಅದು ಕಾಣುವುದಿಲ್ಲ.

ಫೋರ್‌ಮನ್ ಚಿತ್ರ ನೋಡಿ ಜಗಳಕ್ಕೆ ಬರುತ್ತಾರೆ ಅಂದುಕೊಂಡಿದ್ದೆ. ಅವರಿಗೆ ಸಿಟ್ಟು ಬಂತು, ಆದರೆ ನನ್ನ ಮೇಲಲ್ಲ. ಚಕ್ಕಿಗೆ ಉಂಗುರದ ಮೈಗೆ ಕೂಡುವಂಥ ಅಗಲ ದವಡೆ ತರಿಸಿಕೊಡಿ ಅಂತ ತಾವೂ ಕೇಳಿ ಕೇಳಿ ಸಾಕಾಗಿದ್ದರಂತೆ. ಖರೀದಿ ಮ್ಯಾನೇಜರ್ ಪ್ರತಿ ಸಲ, ಇರುವ ದವಡೆಗೆ ಹಲ್ಲು ಇನ್ನೂ ಗಟ್ಟಿ ಇವೆಯಲ್ಲ ಅಂದಿದ್ದರಂತೆ. ನಾವಿಬ್ಬರೂ ಮೊದಲ ಸಲ ಒಟ್ಟಿಗೆ ಸಾವ್ಕಾರ್ರ ಕೋಣೆಗೆ ಹೋದೆವು.

ಸಾವ್ಕಾರ್ರು ಚಿತ್ರವನ್ನು ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ಉಂಗುರವನ್ನು ಕಣ್ಣಿಗೆ ಹಿಡಿದು ಅದರೊಳಗಿಂದ ನಮ್ಮಿಬ್ಬರನ್ನೂ ನೋಡಿದರು. ಇಷ್ಟು ಮೂಲೆ ಇದ್ದರೆ ಕಣ್ಣಿಗೆ ಕಾಣಬೇಕಿತ್ತಲ್ಲ ಅಂದರು. ಕಾಣಲಿ ಅಂತ ಕಂಪ್ಯೂಟರ್ ಸೊಟ್ಟವನ್ನು ಸಾವಿರ ಪಟ್ಟು ದೊಡ್ಡದು ಮಾಡಿ ತೋರಿಸುತ್ತದೆ ಅಂತ ವಿವರಿಸಿದೆ.

ಅವರ ಮುಖದ ಮೇಲಿನ ಚಿಂತೆ ಅಷ್ಟೂ ಇಳಿದು ಹೋಯಿತು. ಕಾಗದವನ್ನು ನನ್ನ ಕಡೆ ಸರಿಸಿ, ಮಗಳಿಗೆ ಹೇಳುವ ಹಾಗೆ ಮೆತ್ತಗೆ ಹೇಳಿದರು.

"ಹಂಗಾದ್ರ ದೊಡ್ಡದು ಮಾಡಬ್ಯಾಡವ್ವಾ."

ಇನ್‌ಸ್ಪೆಕ್ಟರ್ ಬಂದ ದಿನ

ಕೊನೆಗೆ ಏನಾಯಿತು ಅನ್ನುವುದನ್ನು ಮೊದಲೇ ಹೇಳಿಬಿಡುತ್ತೇನೆ. ಅಗಲ ದವಡೆ ಬಂದವು, ಫೋರ್‌ಮನ್ ಉಂಗುರಗಳನ್ನು ಮೆತ್ತಗೆ ಹಿಡಿದು ಕೊರೆದರು, ತೂತು ದುಂಡಗಾದವು, ಕೆಲಸ ನಮ್ಮಲ್ಲೇ ಉಳಿಯಿತು. ಆದರೆ ದವಡೆ ಬಂದದ್ದು ನನ್ನ ಮಾತಿಗೂ ಅಲ್ಲ, ಫೋರ್‌ಮನ್ನರ ಮಾತಿಗೂ ಅಲ್ಲ.

ಬೆಳಗಾವಿಯವರು ತಮ್ಮ ಇನ್‌ಸ್ಪೆಕ್ಟರನ್ನು ಕಳಿಸುತ್ತೇವೆ, ಹೊಸ ಪ್ರೋಬಿನ ವರದಿ ತಯಾರಿಟ್ಟಿರಿ ಅಂದಿದ್ದರು. ವರದಿ ಅಂದರೆ ಆ ಮೂರು ಮೂಲೆಯ ಚಿತ್ರ. ಖರೀದಿ ಮ್ಯಾನೇಜರ್ ಅದನ್ನು ಬದಲು ಮಾಡಲು ಕೇಳಿದರು. ಆಗುವುದಿಲ್ಲ ಅಂದೆ. ಹಳೇ ಪ್ರೋಬನ್ನಾದರೂ ಹಾಕಿ ಅಂದರು. ಅದೂ ಆಗುವುದಿಲ್ಲ, ಸಹಿಯನ್ನೂ ಹಾಕುವುದಿಲ್ಲ, ಬೇಕಾದರೆ ನಾಳೆಯಿಂದ ಬರುವುದಿಲ್ಲ ಅಂದೆ. ಮನೆಯಲ್ಲಿ ನನ್ನ ಪಗಾರ ನಂಬಿದವರಿದ್ದಾರೆ, ಆದರೂ ಅಂದೆ. ಅಷ್ಟು ಸಿಟ್ಟು ಬಂದಿತ್ತು. ಅವರು ಇನ್ನೊಂದು ಮಾತಾಡದೆ ಹೋದರು. ಇಷ್ಟು ಸುಲಭಕ್ಕೆ ಸುಮ್ಮನಾದರಲ್ಲ ಅಂತ ನನಗೆ ಅನುಮಾನ ಬರಬೇಕಿತ್ತು.

ಇನ್‌ಸ್ಪೆಕ್ಟರ್ ಮುಂಜಾನೆಯ ರೈಲಿಗೆ ಬಂದರು. ಬಿಳಿ ಮೀಸೆಯ, ಮೆತ್ತಗೆ ಮಾತಾಡುವ ಹಿರಿಯರು. ಸಾವ್ಕಾರ್ರು ತಾವೇ ಸ್ಟೇಷನ್ನಿಗೆ ಹೋಗಿ ಕರೆತಂದು, ಉಪ್ಪಿಟ್ಟು ಮಂಡಾಳ ಒಗ್ಗರಣೆ ಎರಡೂ ತಿನ್ನಿಸಿ, ಅಳತೆ ಕೋಣೆಗೆ ಕರೆದುಕೊಂಡು ಬಂದರು. ಹಿಂದೆ ಫೋರ್‌ಮನ್, ಅವರ ಹಿಂದೆ ಖರೀದಿ ಮ್ಯಾನೇಜರ್. ನಾನು ನಿಜವಾದ ಚಿತ್ರವನ್ನು ಕೈಯಲ್ಲಿ ಹಿಡಿದೇ ನಿಂತಿದ್ದೆ. ಅದನ್ನು ಚಾಚುವಷ್ಟರಲ್ಲಿ ಖರೀದಿ ಮ್ಯಾನೇಜರ್ ಮುಂದೆ ಬಂದು ತಮ್ಮ ಬಗಲಲ್ಲಿದ್ದ ಫೈಲು ಬಿಚ್ಚಿ ಕೊಟ್ಟರು.

ಅದರಲ್ಲಿ ಒಂದು ಕಾಗದ. ಮೇಲೆ ನಮ್ಮ ಕಾರ್ಖಾನೆಯ ಹೆಸರು, ನಡುವೆ ಒಂದು ವೃತ್ತ. ಎಂಥ ವೃತ್ತ ಅಂತೀರಿ. ಒಂದು ಅಂಕು ಇಲ್ಲ, ಡೊಂಕು ಇಲ್ಲ. ಫೋರ್‌ಮನ್ ಬಗ್ಗಿ ನೋಡಿ, ತಾವು ಕೊರೆದದ್ದೇ ಇದು ಅಂತ ನಂಬಲಾಗದೆ ನನ್ನ ಮುಖ ನೋಡಿದರು. ಸಾವ್ಕಾರ್ರಿಗೂ ಇದು ಹೊಸದು, ಆದರೂ ಎದೆ ಮುಂದೆ ಮಾಡಿ ನಿಂತರು.

ಇನ್‌ಸ್ಪೆಕ್ಟರ್ ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು. ಅಳತೆ ತೆಗೆದವರ ಸಹಿ ಯಾಕಿಲ್ಲ ಅಂತ ಕೇಳಿದರು. ನಾನು ತೆಗೆದದ್ದಲ್ಲ ಅಂದೆ. ಹಾಗಾದರೆ ಯಾರು ತೆಗೆದದ್ದು ಅಂತ ಖರೀದಿ ಮ್ಯಾನೇಜರನ್ನು ಕೇಳಿದರು. ಅವರು, ಹೊಸ ಪ್ರೋಬಿನಿಂದ ತೆಗೆದದ್ದು, ಬಹಳ ಸೂಕ್ಷ್ಮ ಪ್ರೋಬು ಅಂದರು.

ಇನ್‌ಸ್ಪೆಕ್ಟರ್ ಆ ಕಾಗದವನ್ನು ಎತ್ತಿ ಟ್ಯೂಬ್‌ಲೈಟಿಗೆ ಹಿಡಿದರು. ವೃತ್ತದ ನಟ್ಟನಡುವೆ ಬೆಳಕಿನ ಒಂದು ಚುಕ್ಕೆ ಹೊಳೆಯಿತು. ಖರೀದಿ ಮ್ಯಾನೇಜರ್ ಮಗಳ ಕಂಪಾಸ್ ಪೆಟ್ಟಿಗೆಯಿಂದ ಕೈವಾರ ತೆಗೆದು ಎಳೆದ ವೃತ್ತ ಅದು. ಕೈವಾರದ ಮುಳ್ಳು ಊರಿದ ಜಾಗ ಕಾಗದದ ಆಚೆಗೆ ಹೋಗಿತ್ತು.

ಸಾವ್ಕಾರ್ರು ನೆಲ ನೋಡಿದರು. ಫೋರ್‌ಮನ್ ಕೆಮ್ಮಿನ ನೆಪದಲ್ಲಿ ಹೊರಗೆ ಹೋದರು. ನಾನು ಸಿಟ್ಟಿನಿಂದಲೇ ಕೈಯಲ್ಲಿದ್ದ ಕಾಗದ ಚಾಚಿದೆ. ಇನ್‌ಸ್ಪೆಕ್ಟರ್ ಅದನ್ನು ನನ್ನ ಕೈಯಿಂದ ತೆಗೆದುಕೊಂಡು, ಮೂರು ಮೂಲೆಯ ಚಿತ್ರ ನೋಡಿ, ಇದು ನಿಜವಾದದ್ದು ಅಂತ ತಲೆ ಆಡಿಸಿದರು. ಚಕ್ಕಿನ ದವಡೆ ಬದಲು ಮಾಡಿಸಿ ಅಂತ ಸಾವ್ಕಾರ್ರಿಗೆ ಹೇಳಿದರು. ಸಾವ್ಕಾರ್ರು ಆಗಲಿ ಅಂದರು, ಒಂದೇ ಮಾತಿಗೆ.

ಆಮೇಲೆ ಇನ್‌ಸ್ಪೆಕ್ಟರ್ ಕೈವಾರದ ಕಾಗದವನ್ನು ಇನ್ನೊಮ್ಮೆ ಬೆಳಕಿಗೆ ಹಿಡಿದು, ಮುಳ್ಳು ಚುಚ್ಚಿದ ಆ ಚುಕ್ಕೆಯೊಳಗಿಂದ ಒಂದು ಕಣ್ಣು ಮುಚ್ಚಿ ಖರೀದಿ ಮ್ಯಾನೇಜರನ್ನು ನೋಡುತ್ತಾ ಹೇಳಿದರು:

"ಏನರ ಅನ್ರಿ, ನಿಮ್ಮ ಕಾರ್ಖಾನಿಯೊಳಗ ದುಂಡನ್ನ ತೂತು ಅಂದ್ರ ಇದೊಂದೇ ನೋಡ್ರಿ."